ಸಾತವ್ವನ ಸೂಜಿಮರಗಳು

ಬೆಟ್ಟದ ಮೇಲೊಂದು ಬೆಟ್ಟ, ಅದರ ಮೇಲೆ ಇನ್ನೊಂದು ಬೆಟ್ಟ. ಆ ಮೂರನೇ ಬೆಟ್ಟದ ನೆತ್ತಿಯಲ್ಲಿ ಇಬ್ಬನಿದುರ್ಗ ಅಂತ ಒಂದು ರಾಜ್ಯ ಇತ್ತು. ಬನ್ನಿ ಮಕ್ಕಳೇ, ಹತ್ತಿರ ಬನ್ನಿ, ಅಲ್ಲಿ ನಡೆದದ್ದನ್ನು ಹೇಳ್ತೀನಿ. ಕೇಳಿದರೆ ನೀವೂ ಚಪ್ಪಾಳೆ ತಟ್ಟಬೇಕು, ಹಾಗಿದೆ!

ಆ ರಾಜ್ಯಕ್ಕೆ ಮದ್ದರಸ ಅಂತ ದೊರೆ. ಒಳ್ಳೆಯವನು. ಆದರೆ ಯಾರು ಏನು ಹೇಳಿದರೂ ಹೌದು ಅನ್ನುವವನು. ಅವನ ರಾಣಿ ಚಂಪಲದೇವಿ. ಅವಳು ಹುಟ್ಟಿ ಬೆಳೆದದ್ದು ಕಡಲ ತಡಿಯಲ್ಲಿ. ಅಲ್ಲಿ ವರ್ಷವಿಡೀ ಹಸಿರು. ತೆಂಗು ಹಸಿರು, ಮಾವು ಹಸಿರು, ಹಲಸು ಹಸಿರು. ಮದುವೆಯಾಗಿ ಬೆಟ್ಟ ಹತ್ತಿ ಬಂದಳು. ಚೈತ್ರದಲ್ಲಿ ಬಂದಳು, ಊರೆಲ್ಲ ಹೂವು. "ಆಹಾ!" ಅಂದಳು. ಮಳೆಗಾಲ ಬಂತು. "ಇರಲಿ" ಅಂದಳು. ಆಮೇಲೆ ಬಂತು ನೋಡಿ ಮಾಗಿ!

ಇಬ್ಬನಿದುರ್ಗದ ಮಾಗಿ ಅಂದ್ರೆ ಹುಡುಗಾಟ ಅಲ್ಲ. ಬೆಳಗ್ಗೆ ಎದ್ದರೆ ಬಿಂದಿಗೆಯ ನೀರು ಕಲ್ಲಾಗಿರೋದು. ಮರದಲ್ಲಿ ಒಂದು ಎಲೆ ಇರುತ್ತಿರಲಿಲ್ಲ. ಊರಿಗೆ ಊರೇ ಕಸಬರಿಕೆಗಳನ್ನು ತಲೆಕೆಳಗಾಗಿ ನಿಲ್ಲಿಸಿದ ಹಾಗೆ ಕಾಣೋದು. ರಾಣಿ ಕಿಟಕಿ ತೆರೆದಳು, ನೋಡಿದಳು, ಮುಚ್ಚಿದಳು. ಮೂರು ತಿಂಗಳು ಆ ಕಿಟಕಿ ತೆರೆಯಲಿಲ್ಲ. ಸರಿಯಾಗಿ ಉಣ್ಣಲಿಲ್ಲ, ಯಾರ ಹತ್ತಿರವೂ ಮಾತಾಡಲಿಲ್ಲ.

ದೊರೆಗೆ ಎದೆ ಹಿಂಡಿತು. ಅರಮನೆ ತೋಟದ ಪಾರುಪತ್ಯಗಾರ ಶೃಂಗಾರಯ್ಯನನ್ನು ಕರೆಸಿದ. ತೋಟದ ಬೀಗದ ಕೈ ಇವನ ಸೊಂಟದಲ್ಲಿ, ಐವತ್ತು ಜನ ಆಳು ಇವನ ಕೈ ಕೆಳಗೆ.

"ಶೃಂಗಾರಯ್ಯ, ಮಾಗಿಯಲ್ಲೂ ತೋಟ ಚೆಂದ ಕಾಣಬೇಕು. ಆಗುತ್ತಾ?"

"ಅಯ್ಯೋ, ಅದೇನು ದೊಡ್ಡದು ದೊರೆ!" ಅಂದ ಶೃಂಗಾರಯ್ಯ.

ಮೊದಲನೇ ಮಾಗಿಯಲ್ಲಿ ಬೋಳು ಕೊಂಬೆಗಳಿಗೆಲ್ಲ ಬಟ್ಟೆಯ ಹೂವು ಕಟ್ಟಿಸಿದ. ಕೆಂಪು ಹೂವು, ಹಳದಿ ಹೂವು. ರಾತ್ರಿ ಕಳೆಯುವುದರೊಳಗೆ ಇಬ್ಬನಿಗೆ ಎಲ್ಲ ನೆನೆದು ಬಣ್ಣ ಬಿಟ್ಟಿತು. ಮರದ ಕೆಳಗೆ ಕಟ್ಟಿದ್ದ ಬಿಳಿ ಹಸು ಕೆಂಪಗಾಯಿತು. ಹಾಲು ಕರೆಯಲು ಬಂದವಳು ಅದನ್ನು ನೋಡಿ ಚೊಂಬು ಬಿಸಾಕಿ ಓಡಿದಳು.

ಎರಡನೇ ಮಾಗಿಯಲ್ಲಿ ಮುನ್ನೂರು ಗಿಳಿ ಹಿಡಿಸಿ ಕೊಂಬೆಗಳಿಗೆ ದಾರದಿಂದ ಕಟ್ಟಿಸಿದ. "ದೂರದಿಂದ ಎಲೆ ಹಾಗೇ ಕಾಣುತ್ತೆ ದೊರೆ!" ಅಂದ. ಗಿಳಿಗಳು ಸುಮ್ಮನಿರುತ್ತವಾ? ದಾರ ಕಡಿದವು, ಅರಮನೆಯ ಅಡುಗೆಮನೆಗೆ ನುಗ್ಗಿದವು, ಒಣಗಿಸಿದ್ದ ಮೆಣಸಿನಕಾಯಿಯನ್ನೆಲ್ಲ ತಿಂದು ಹಾರಿ ಹೋದವು.

ಮೂರನೇ ಮಾಗಿಯಲ್ಲಿ ಶೃಂಗಾರಯ್ಯ ಕೈ ಚೆಲ್ಲಿ ನಿಂತ. "ಮಾಗಿಯಲ್ಲಿ ಚೆಂದದ ತೋಟ ಯಾರಿಂದಲೂ ಆಗಲ್ಲ ದೊರೆ. ದೇವರಿಂದಲೂ ಆಗಲ್ಲ" ಅಂದುಬಿಟ್ಟ.

ಈ ಮಾತು ಮಾತ್ರ ದೊರೆಗೆ ನಾಟಿತು. ಮಾರನೇ ದಿನವೇ ಡಂಗುರ!

"ಕೇಳ್ರಪ್ಪೋ ಕೇಳಿ! ಬರುವ ಚೈತ್ರದಿಂದ ದೊರೆಗಳು ಮೂರು ಸಲ ಊರು ಸುತ್ತುತ್ತಾರೆ! ಚೈತ್ರದಲ್ಲಿ ಒಂದು ಸಲ, ಮಳೆಗಾಲದಲ್ಲಿ ಒಂದು ಸಲ, ಮಾಗಿಯಲ್ಲಿ ಒಂದು ಸಲ! ಯಾವ ದಿನ ಅಂತ ಹೇಳಲ್ಲ! ಯಾರ ಮನೆಯ ಅಂಗಳ ಮೂರು ಸಲವೂ ಕಣ್ಣಿಗೆ ಹಬ್ಬವಾಗಿರುತ್ತೋ, ಅವರಿಗೆ ಅರಮನೆ ತೋಟದ ಬೀಗದ ಕೈ!"

ಅಬ್ಬಬ್ಬಾ! ಊರು ಊರೇ ಎದ್ದು ಕುಣಿಯಿತು. ಗುದ್ದಲಿ ಸಿಗಲಿಲ್ಲ, ಕುಕ್ಕೆ ಸಿಗಲಿಲ್ಲ, ಗೊಬ್ಬರಕ್ಕೆ ಜಗಳ! ಅತ್ತೆ ಸೊಸೆ ಮಾತು ಬಿಟ್ಟಿದ್ದವರು ಕೂಡ ಒಟ್ಟಿಗೆ ಪಾತಿ ಮಾಡಿದರು. ಶೃಂಗಾರಯ್ಯನೂ ತನ್ನ ಮನೆಯ ಅಂಗಳವನ್ನು ಪಂದ್ಯಕ್ಕೆ ಇಟ್ಟ. ಬೀಗದ ಕೈ ಕೈ ತಪ್ಪಬಾರದಲ್ಲ!

ಈಗ ಸಾತವ್ವನ ಕಥೆಗೆ ಬರೋಣ. ಕಂಬಳಿ ಓಣಿಯ ಕೊನೆಯ ಮನೆ ಅವಳದು. ಕಂಬಳಿ ನೇಯ್ದು ಸಂತೆಯಲ್ಲಿ ಮಾರುವವಳು. ಗಂಡ ಬೀರಪ್ಪ ಕುರಿ ಕಾಯುವವನು. ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಮೇಲಿನ ಹಿಮದ ಗುಡ್ಡಗಳಿಗೆ ಹೋಗುತ್ತಿದ್ದ. ಡಂಗುರ ಹೊಡೆಯುವುದಕ್ಕೆ ಎಂಟು ವರ್ಷ ಮುಂಚೆ, ಒಂದು ಸಲ ಅಲ್ಲಿಂದ ಬರುವಾಗ ಹಸಿ ಪಾಚಿಯಲ್ಲಿ ಏನೋ ಸುತ್ತಿಕೊಂಡು ತಂದ.

"ಏನ್ರೀ ಇದು?"

"ಬಿಚ್ಚಿ ನೋಡು."

ಬಿಚ್ಚಿದರೆ ಬೆರಳುದ್ದದ ಸಸಿಗಳು. ಎಲೆ ಅಂದರೆ ಎಲೆ ಅಲ್ಲ, ಸೂಜಿ! ದೇವದಾರು ಅಂತೀವಲ್ಲ, ಪೈನ್ ಮರ ಅಂತೀವಲ್ಲ, ಆ ಬಳಗದವು. ಆ ಸೀಮೆಯಲ್ಲಿ ಎಲ್ಲಕ್ಕೂ ಒಂದೇ ಹೆಸರು, ಸೂಜಿಮರ.

"ಮೇಲೆ ಮೊಣಕಾಲುದ್ದ ಹಿಮ ಬಿದ್ದಿರುತ್ತೆ ಕಣೇ" ಅಂದ ಬೀರಪ್ಪ. "ಸುತ್ತ ಒಂದು ಹುಲ್ಲು ಇರಲ್ಲ. ಇವು ಮಾತ್ರ ಹಸಿರಾಗಿ ನಿಂತಿರ್ತವೆ. ನೋಡಿ ನನಗೆ ನೀನು ನೆನಪಾದೆ."

ಸಾತವ್ವ ನಾಚಿದಳು. ಸಸಿ ನೆಟ್ಟಳು. ಹೇಗೆ ನೆಟ್ಟಳು ಕೇಳಿ. ದೀಪದ ಕಂಬದ ಹಾಗೆ ನೆಟ್ಟಗೆ ಬೆಳೆಯುವ ಜಾತಿಯನ್ನು ಅಂಗಳದ ಹಿಂದೆ, ಬಡಗಣ ಗಾಳಿ ಬೀಸುವ ಕಡೆ ನೆಟ್ಟಳು. ಗುಂಡಗೆ ಬೆಳೆಯುವ ನೀಲಿ ಬಣ್ಣದ್ದನ್ನು ಬಾಗಿಲ ಪಕ್ಕ, ಗೋಡೆಗೆ ಒತ್ತಿ ನೆಟ್ಟಳು. ನೆಲದ ಮೇಲೆ ಕಂಬಳಿ ಹಾಸಿದ ಹಾಗೆ ಹರಡುವುದನ್ನು ಕಲ್ಲುಗಳ ಸಂದಿಯಲ್ಲಿ ನೆಟ್ಟಳು. ನಡುವೆ ಸೇವಂತಿಗೆಗೆ ಜಾಗ ಬಿಟ್ಟಳು.

ಬೆರಳುದ್ದದ ಸಸಿಗಳ ನಡುವೆ ಮಾರುದ್ದದ ಜಾಗ! ನೆರೆಮನೆಯವರು ಬಿದ್ದು ಬಿದ್ದು ನಕ್ಕರು.

"ಏನಕ್ಕ ಇದು, ಹೂವು ಬಿಡುತ್ತಾ?"

"ಇಲ್ಲಮ್ಮ."

"ಹಣ್ಣು ಬಿಡುತ್ತಾ?"

"ತಿನ್ನೋ ಹಣ್ಣು ಇಲ್ಲಮ್ಮ."

"ಹೋಗಲಿ, ಸಾರಿಗೆ ಸೊಪ್ಪಾದರೂ?"

"ಅದೂ ಇಲ್ಲಮ್ಮ. ಸುಮ್ಮನೆ ನೋಡೋದಕ್ಕೆ. ಇವು ನಿಧಾನವಾಗಿ ಬೆಳೀತವೆ, ನನಗೂ ಅವಸರ ಇಲ್ಲ."

ಒಂದು ವರ್ಷ ಹೋಯಿತು, ಎರಡು ವರ್ಷ ಹೋಯಿತು, ಎಂಟು ವರ್ಷ ಹೋಯಿತು. ನೆಟ್ಟಗಿನವು ಸೂರಿನ ಮಟ್ಟಕ್ಕೆ ಬಂದವು. ಗುಂಡಗಿನದು ದೊಡ್ಡ ಹಂಡೆಯಷ್ಟಾಯಿತು. ಹರಡುವುದು ಕಲ್ಲನ್ನೆಲ್ಲ ಮುಚ್ಚಿತು. ಮಾಗಿಯ ಬೆಳಗ್ಗೆ ಸಾತವ್ವ ಬಾಗಿಲು ತೆಗೆದರೆ ಒಂದೊಂದು ಸೂಜಿಯ ಮೇಲೂ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಿ ಲೇಪ ಹಾಕಿದ ಹಾಗಿರೋದು. ಮಗ್ಗದ ಮುಂದೆ ಕೂತು ಅದನ್ನೇ ನೋಡುತ್ತಾ ನೇಯುತ್ತಿದ್ದಳು. ಕಂಬಳಿ ಓಣಿಯ ಕೊನೆಗೆ ಮಾಗಿಯ ಚಳಿಯಲ್ಲಿ ಯಾರು ಹೋಗುತ್ತಾರೆ? ಅದಕ್ಕೇ ಈ ಸುದ್ದಿ ಅರಮನೆ ಮುಟ್ಟಿರಲೇ ಇಲ್ಲ.

ಸರಿ, ಚೈತ್ರ ಬಂತು. ದೊರೆ ಮೊದಲ ಸಲ ಊರು ಸುತ್ತಿದ. ಎಲ್ಲ ಅಂಗಳದಲ್ಲೂ ಹೂವೇ ಹೂವು! ಗುಲಾಬಿ, ಕನಕಾಂಬರ, ಸಂಪಿಗೆ! ಸಾತವ್ವನ ಮನೆ ಮುಂದೆ ದೊರೆ ಒಂದು ಗಳಿಗೆ ನಿಂತು "ಚೆನ್ನಾಗಿದೆ" ಅಂದ, ಮುಂದೆ ಹೋದ. ಹಿಂದೆ ಬರುತ್ತಿದ್ದ ಶೃಂಗಾರಯ್ಯ "ಇದೇನವ್ವ, ಮುಳ್ಳುಹಂದಿ ಸಾಕಿದ್ದೀಯಾ?" ಅಂತ ಕಿಸಕ್ಕನೆ ನಕ್ಕ.

ಮಳೆಗಾಲ ಬಂತು. ಒಂಬತ್ತು ದಿನ ಬಿಡದೆ ಹೊಡೆಯಿತು. ಹತ್ತನೇ ದಿನ ದೊರೆ ಹೊರಟ. ಹೋದಲ್ಲೆಲ್ಲ ಹೂವು ಉದುರಿ ಕೆಸರು, ಗಿಡ ಮಕಾಡೆ, ಪಾತಿ ಕೊಚ್ಚಿ ಹೋಗಿತ್ತು. ಸಾತವ್ವನ ಅಂಗಳದಲ್ಲಿ? ಮಿಂದು ಬಂದ ಹಾಗೆ ಮರಗಳು ನಿಂತಿದ್ದವು! ಒಂದೊಂದು ಸೂಜಿಯ ತುದಿಯಲ್ಲಿ ಒಂದೊಂದು ಹನಿ. ಮೋಡದ ಸಂದಿಯಿಂದ ಒಂದು ಎಳೆ ಬಿಸಿಲು ಬಿತ್ತು ನೋಡಿ, ಅಂಗಳಕ್ಕೆ ಅಂಗಳವೇ ಝಗ್ಗಂತು!

ದೊರೆ ಕುದುರೆ ನಿಲ್ಲಿಸಿದ. ಇಳಿದು ಬಂದು ಒಂದು ಮರವನ್ನು ಮುಟ್ಟಿ, ಕೈ ಮೂಸಿ ನೋಡಿಕೊಂಡು ಹೋದ.

ಶೃಂಗಾರಯ್ಯನ ಮುಖ ಸುಣ್ಣ ಬಳಿದ ಹಾಗಾಯಿತು. 'ಈ ಕಂಬಳಿಯವಳು ನನ್ನ ಬೀಗದ ಕೈ ಕಿತ್ತುಕೊಳ್ಳುತ್ತಾಳೆ!' ಅಂದುಕೊಂಡ.

ಮಾಗಿ ಬಂತು. ಊರು ಬೋಳಾಯಿತು. ಒಂದು ಸಂತೆಯ ದಿನ ಸಾತವ್ವ ಕಂಬಳಿ ಹೊತ್ತು ಹೋದಳು. ಬೀರಪ್ಪ ಕುರಿ ಮೇಯಿಸಲು ಕಣಿವೆಗೆ ಇಳಿದಿದ್ದ. ಹಾಡಹಗಲಲ್ಲೇ ಶೃಂಗಾರಯ್ಯ ಹನ್ನೆರಡು ಆಳು, ಮೂರು ಗಾಡಿ ತಂದ. ಓಣಿಯವರು ಹೊರಗೆ ಬಂದರೆ ಕಣ್ಣು ಕೆಂಪಗೆ ಮಾಡಿದ.

"ಅರಮನೆ ಕೆಲಸ! ಬಾಯಿ ಬಿಟ್ಟವರ ಮನೆಗೂ ಇದೇ ಗತಿ!"

ಎಲ್ಲರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬೇರಿನ ಸುತ್ತ ಅಗೆದು ಮಣ್ಣಿನ ಸಮೇತ ಎತ್ತುವಷ್ಟು ತಾಳ್ಮೆ ಅವನಿಗೆಲ್ಲಿ? "ಬೇಗ, ಬೇಗ!" ಅಂತ ಬೇರನ್ನೆಲ್ಲ ಕೊಡಲಿಯಲ್ಲಿ ಕಡಿಸಿದ. ನೆಟ್ಟಗಿನವು ಹೋದವು, ಹರಡಿದ್ದು ಹೋಯಿತು. ಬಾಗಿಲ ಪಕ್ಕದ ಗುಂಡು ಮರ ಮಾತ್ರ ಉಳಿಯಿತು. ಅದನ್ನು ಕೀಳಬೇಕಾದರೆ ಗೋಡೆ ಕೆಡವಬೇಕಿತ್ತು.

ಸಾತವ್ವ ಸಂತೆಯಿಂದ ಬಂದಳು. ಅಂಗಳದ ತುಂಬ ಗುಂಡಿ! ಒಂದು ಗುಂಡಿಯ ಪಕ್ಕ ಕೂತಳು. ಕಡಿದ ಬೇರುಗಳನ್ನು ಒಂದೊಂದಾಗಿ ಎತ್ತಿ ಮಡಿಲಿಗೆ ಹಾಕಿಕೊಂಡಳು. ಎಂಟು ವರ್ಷ ಮಕ್ಕಳೇ, ಎಂಟು ವರ್ಷ! ಅತ್ತಳು. ಅತ್ತು ಅತ್ತು ಸುಸ್ತಾದಳು. ಪಕ್ಕದ ಮನೆ ಗೌರಕ್ಕ ಬಾಗಿಲ ಸಂದಿಯಿಂದ ಮೆಲ್ಲಗೆ, "ಶೃಂಗಾರಯ್ಯನ ಮನೆಗೆ ಹೋದವು ಸಾತವ್ವ. ನಾನು ಹೇಳಿದೆ ಅನ್ನಬೇಡ" ಅಂದಳು.

ಸಾತವ್ವ ಎದ್ದು ನೇರ ಶೃಂಗಾರಯ್ಯನ ಮನೆಗೆ ಹೋದಳು. ಅಂಗಳದಲ್ಲಿ ಅವಳ ಮರಗಳು ಸಾಲಾಗಿ ನಿಂತಿದ್ದವು. ಹಸಿರೋ ಹಸಿರು!

"ನನ್ನ ಮರ!"

"ಯಾವ ಮರವೇ? ಇವು ನನ್ನ ಮಾವನ ಊರಿಂದ ತರಿಸಿದವು. ಎಲ್ಲ ಸೂಜಿಮರವೂ ಒಂದೇ ಥರ ಇರುತ್ತೆ, ಹೋಗು ಹೋಗು!"

ಸಾತವ್ವ ಬಗ್ಗಿ ಬುಡ ನೋಡಿದಳು. ಹೊಸ ಮಣ್ಣು. ಒಂದು ರೆಂಬೆಯ ತುದಿ ಮುಟ್ಟಿದಳು. ಅವಳಿಗೆ ಎಲ್ಲ ಅರ್ಥವಾಯಿತು. ಸೂಜಿಮರದ ಗುಣ ಅವಳಿಗಲ್ಲದೆ ಇನ್ಯಾರಿಗೆ ಗೊತ್ತು? ಬೇರೆ ಗಿಡದ ಬೇರು ಕಡಿದರೆ ಸಂಜೆಗೇ ಬಾಡುತ್ತೆ. ಸೂಜಿಮರ ಹಾಗಲ್ಲ. ಜೀವ ಹೋದ ಮೇಲೂ ಎರಡು ವಾರ, ಮೂರು ವಾರ ಹಸಿರಾಗಿಯೇ ಕಾಣುತ್ತೆ. ಆಮೇಲೆ ಕೆಂಪಗಾಗಿ ಸುರಿಯುತ್ತೆ. ತಿರುಗಿ ಮನೆಗೆ ಬಂದಳು.

ಮಾರನೇ ದಿನವೇ ದೊರೆ ಬಂದುಬಿಟ್ಟ! ಬೋಳು ಬೀದಿ ದಾಟಿ ದಾಟಿ ಶೃಂಗಾರಯ್ಯನ ಮನೆ ಮುಂದೆ ನಿಂತು ಬಾಯಿ ಬಿಟ್ಟ.

"ಮಾಗಿಯಲ್ಲಿ ಇಷ್ಟು ಹಸಿರು! ಶೃಂಗಾರಯ್ಯ, ಇದು ನಿನ್ನದೇನಯ್ಯ?"

"ನನ್ನದೇ ದೊರೆ! ಗುಟ್ಟಾಗಿ ಬೆಳೆಸಿದ್ದೆ!"

"ಮಳೆಗಾಲದಲ್ಲಿ ಇಲ್ಲಿ ಇವನ್ನು ನೋಡಿದ ನೆನಪಿಲ್ಲವಲ್ಲ?"

"ಹಿತ್ತಲಲ್ಲಿದ್ದವು ದೊರೆ! ನಿಮಗೆ ಅಂತಲೇ ಮುಂದಕ್ಕೆ ತಂದೆ!"

ಅಷ್ಟರಲ್ಲಿ ಸಾತವ್ವ ಗುಂಪು ಸೀಳಿಕೊಂಡು ಬಂದು ಕೈ ಮುಗಿದು ನಿಂತಳು. "ಬುದ್ಧಿ, ಇವು ನನ್ನ ಮರ. ಎಂಟು ವರ್ಷ ಸಾಕಿದ್ದು."

ದೊರೆ ಗುಂಪಿನಲ್ಲಿದ್ದ ಕಂಬಳಿ ಓಣಿಯವರ ಮುಖ ನೋಡಿದ. ಓಣಿಯವರು ನೆಲ ನೋಡಿದರು. ಶೃಂಗಾರಯ್ಯ ಮೀಸೆ ತಿರುವಿದ.

"ನಿನ್ನ ಅಂಗಳದಲ್ಲೂ ಇಂಥವೇ ಕಂಡಿದ್ದೆ. ಆದರೆ ಇವೇ ಅವು ಅನ್ನೋದಕ್ಕೆ ಸಾಕ್ಷಿ ಇಲ್ಲವಲ್ಲಮ್ಮ" ಅಂದ ದೊರೆ. "ನಾನೇನು ಮಾಡಲಿ?"

"ಮೂರು ಮಾತು ನಡೆಸಿಕೊಡಿ ಬುದ್ಧಿ, ಸಾಕು. ಒಂದು, ಬೀಗದ ಕೈ ಇವತ್ತು ಕೊಡಬೇಡಿ, ಇಪ್ಪತ್ತೊಂದು ದಿನ ಬಿಟ್ಟು ಕೊಡಿ. ಎರಡು, ಅವತ್ತು ರಾಣಿಯವ್ವನೂ ಬರಲಿ. ಅವರಿಗಾಗಿ ತಾನೇ ಇದೆಲ್ಲ? ಮೂರು, ಇಲ್ಲಿರುವ ಒಂದೊಂದು ಮರದ ಬುಡಕ್ಕೂ ಅರಮನೆಯ ಅರಗಿನ ಮುದ್ರೆ ಹಾಕಿಸಿ, ಕಾವಲಿಡಿ. ಯಾರೂ ಒಂದು ಮರ ಒಳಗೆ ತರಬಾರದು, ಒಂದು ಮರ ಹೊರಗೆ ಒಯ್ಯಬಾರದು. ನಾನೂ ಮುಟ್ಟಬಾರದು!"

ದೊರೆ ಶೃಂಗಾರಯ್ಯನ ಕಡೆ ತಿರುಗಿದ. "ಏನಂತೀಯ?"

ಶೃಂಗಾರಯ್ಯನಿಗೆ ಒಳಗೊಳಗೇ ಖುಷಿ! 'ಮರಕ್ಕೆ ಕಾವಲು ಅಂದರೆ ನನಗೇ ಒಳ್ಳೆಯದು. ಈ ಹೆಂಗಸು ಬಂದು ಕದಿಯೋ ಹಾಗಿಲ್ಲ!' ಅಂದುಕೊಂಡ. "ಆಗಲಿ ದೊರೆ! ಇಪ್ಪತ್ತೊಂದಲ್ಲ, ನಲವತ್ತು ದಿನವಾಗಲಿ!"

"ಇಪ್ಪತ್ತೊಂದು ಸಾಕು" ಅಂದಳು ಸಾತವ್ವ.

ಬೀರಪ್ಪ ಕಣಿವೆಯಿಂದ ಬಂದವನು ಕೇಳಿ ಸಿಟ್ಟಾದ. "ಬೇರು ಕಡಿದಿದ್ದಾನೆ ಅಂತ ಅಲ್ಲೇ ಹೇಳಬಾರದಿತ್ತೇನೇ?"

"ಹೇಳಿದ್ದರೆ ನಾನೇ ಬಂದು ಕಡಿದೆ ಅಂತಿದ್ದ. ಅವನ ಬಾಯಿ ದೊಡ್ಡದು, ನಮ್ಮದು ಚಿಕ್ಕದು. ಈಗ ಮರವೇ ಹೇಳುತ್ತೆ, ಬಿಡಿ. ಬನ್ನಿ, ನಮಗೆ ಕೆಲಸ ಇದೆ."

ಕುರಿಹಟ್ಟಿಯ ಹಿಂದೆ ಒಡಕು ಮಡಕೆಗಳಲ್ಲಿ ಸಾತವ್ವ ಎಳೆ ಸಸಿಗಳನ್ನು ಬೆಳೆಸಿದ್ದಳು. ಕಳ್ಳರ ಕಣ್ಣಿಗೆ ಅವು ಬಿದ್ದಿರಲಿಲ್ಲ. ಗಂಡ ಹೆಂಡತಿ ಸೇರಿ ಗುಂಡಿಗಳಲ್ಲಿ ಅವನ್ನು ಮಣ್ಣಿನ ಸಮೇತ ಇಳಿಸಿದರು. ಚಳಿಗೆ ಬುಡ ನಡುಗದಂತೆ ಒಣ ಸೂಜಿಗಳನ್ನು ಹಾಸಿದರು. ಗೇಣುದ್ದದ ಸಸಿಗಳು, ಆದರೆ ಒಂದೊಂದೂ ಹಸಿರು.

ಅಲ್ಲಿ ಶೃಂಗಾರಯ್ಯ ಏನು ಮಾಡಿದ? ಮೊದಲ ಏಳು ದಿನ ಮೆರೆದ. ಬಂದವರಿಗೆಲ್ಲ ಮರ ತೋರಿಸಿದ. ಎರಡನೇ ಏಳು ದಿನದಲ್ಲಿ ಹಸಿರು ಮಂಕಾಯಿತು. "ಬಾಯಾರಿಕೆ!" ಅಂತ ಕೊಡಗಟ್ಟಲೆ ನೀರು ಹುಯ್ಸಿದ. "ಹಸಿವು!" ಅಂತ ಗಾಡಿಗಟ್ಟಲೆ ಗೊಬ್ಬರ ಸುರಿಸಿದ. "ಕತ್ತರಿಸಿದರೆ ಚಿಗುರುತ್ತೆ!" ಅಂತ ರೆಂಬೆ ಕಡಿಸಿದ. ಮೂರನೇ ಏಳು ದಿನ ಶುರುವಾಯಿತು ನೋಡಿ, ಮರವೆಲ್ಲ ಕೆಂಪು! ಗಾಳಿ ಬಂದರೆ ಸರಸರ ಅಂತ ಸೂಜಿ ಸುರಿಯಿತು. ಹೊಸ ಮರ ತರೋಣ ಅಂದರೆ ಬುಡದಲ್ಲಿ ಮುದ್ರೆ, ಬಾಗಿಲಲ್ಲಿ ಕಾವಲು! ಒಪ್ಪಿದವನು ತಾನೇ!

ಇಪ್ಪತ್ತನೇ ದಿನ ತಲೆ ಕೆಟ್ಟು, ಒಂದು ಹಂಡೆ ಹಸಿರು ಬಣ್ಣ ಕಲಸಿ, ಬುಡದಿಂದ ತುದಿವರೆಗೆ ತಾನೇ ಬಳಿದ. ಕಾವಲಿನವರು ಸುಮ್ಮನೆ ನೋಡುತ್ತಿದ್ದರು. ಮರ ತರಬಾರದು, ಒಯ್ಯಬಾರದು ಅಂತ ಅವರಿಗೆ ಅಪ್ಪಣೆ. ಬಣ್ಣದ ಮಾತು ಯಾರೂ ಹೇಳಿರಲಿಲ್ಲ.

ಇಪ್ಪತ್ತೊಂದನೇ ದಿನ! ಊರೆಲ್ಲ ಶೃಂಗಾರಯ್ಯನ ಮನೆ ಮುಂದೆ! ದೊರೆ ಬಂದ. ಪಲ್ಲಕ್ಕಿಯಿಂದ ರಾಣಿ ಇಳಿದಳು. ಮಾಗಿಯಲ್ಲಿ ಅವಳು ಹೊರಗೆ ಕಾಲಿಟ್ಟದ್ದು ಅದೇ ಮೊದಲು. ಸಾಲುಮರಗಳು ದೂರದಿಂದ ಹಸಿರಾಗಿಯೇ ಕಂಡವು. ದೊರೆ ಸಂತೋಷದಿಂದ "ನೋಡು, ನೋಡು!" ಅಂದ. ಶೃಂಗಾರಯ್ಯ ನಡು ಬಗ್ಗಿಸಿ ನಿಂತ.

"ರಾಣಿಯವ್ವ" ಅಂದಳು ಸಾತವ್ವ, "ದೂರದಿಂದ ನೋಡಬೇಡಿ. ಹತ್ತಿರ ಹೋಗಿ, ಒಂದು ರೆಂಬೆ ಹಿಡಿದು, ಕೈಯಲ್ಲಿ ಉಜ್ಜಿ ಮೂಸಿ. ಜೀವ ಇರೋ ಸೂಜಿಮರ ಘಮ್ ಅನ್ನುತ್ತೆ."

"ಮುಟ್ಟಬೇಡಿ ತಾಯಿ! ಮುಳ್ಳು ಚುಚ್ಚುತ್ತೆ!" ಅಂತ ಶೃಂಗಾರಯ್ಯ ಅಡ್ಡ ಓಡಿದ.

ರಾಣಿ ಆಗಲೇ ಹಿಡಿದಿದ್ದಳು. ಸರ್ರ್! ಸೂಜಿಯೆಲ್ಲ ಮಳೆಯ ಹಾಗೆ ಅವಳ ಪಾದದ ಮೇಲೆ ಸುರಿಯಿತು. ಕೈ ನೋಡಿಕೊಂಡಳು, ಅಂಗೈ ಪೂರ್ತಿ ಹಸಿರು ಬಣ್ಣ! ಮೂಸಿದಳು, ಬರೀ ಬಣ್ಣದ ನಾತ!

ಆಮೇಲೆ ರಾಣಿ ನಕ್ಕಳು! ಮೂರು ಮಾಗಿಯಿಂದ ನಗದೆ ಇದ್ದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು! ದೊರೆ ನಗಲಿಲ್ಲ. ಒಂದು ಮರಕ್ಕೆ ಕೈ ಹಾಕಿ ಎಳೆದ. ಹುಗಿದ ಗೂಟದ ಹಾಗೆ ಕೈಗೆ ಬಂತು. ಬುಡದಲ್ಲಿ ಕೊಡಲಿಯ ಏಟು.

"ಸಾಕಿದವನು ಬೇರು ಕಡಿಯುತ್ತಾನೇನೋ?" ಅಂತ ಗುಡುಗಿದ.

ಆಗ ಗೌರಕ್ಕ ಮುಂದೆ ಬಂದಳು. "ನಾನು ನೋಡಿದೆ ಬುದ್ಧಿ! ಹಗಲಲ್ಲೇ ಬಂದು ಕಿತ್ತರು. ಹೆದರಿ ಸುಮ್ಮನಿದ್ದೆ, ತಪ್ಪಾಯಿತು." ಅವಳ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಓಣಿಗೆ ಓಣಿಯೇ ಬಾಯಿ ಬಿಟ್ಟಿತು! ಶೃಂಗಾರಯ್ಯ ಹಸಿರು ಕೈಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ.

ಸಾತವ್ವ ಎಲ್ಲರನ್ನೂ ತನ್ನ ಅಂಗಳಕ್ಕೆ ಕರೆದುಕೊಂಡು ಹೋದಳು. ಬಾಗಿಲ ಪಕ್ಕ ನೀಲಿ ಗುಂಡು ಮರ, ಅದರ ಬುಡದಲ್ಲಿ ತಡವಾಗಿ ಅರಳಿದ ನಾಲ್ಕು ಕೆಂಪು ಸೇವಂತಿಗೆ, ಸುತ್ತ ಎಳೆ ಸಸಿಗಳು. ಅಷ್ಟೇ. ರಾಣಿ ಒಂದು ರೆಂಬೆ ಉಜ್ಜಿ ಮೂಸಿದಳು. ಕಣ್ಣು ಮುಚ್ಚಿದಳು. ಆಮೇಲೆ ಆ ಕಲ್ಲಿನ ಮೇಲೇ ಬಿಸಿಲಿಗೆ ಕೂತು, ಸಾತವ್ವ ಕೊಟ್ಟ ಬಿಸಿ ರೊಟ್ಟಿ ತಿಂದಳು. ಎರಡು ರೊಟ್ಟಿ! ದೊರೆಯ ಕಣ್ಣು ತುಂಬಿತು.

ಬೀಗದ ಕೈ ಸಾತವ್ವನ ಕೈಗೆ ಬಂತು. ಶೃಂಗಾರಯ್ಯನಿಗೆ ಏನು ಶಿಕ್ಷೆ ಅಂತ ದೊರೆ ಅವಳನ್ನೇ ಕೇಳಿದ.

"ಹೊಡೆಯೋದು ಬಡಿಯೋದು ಬೇಡ ಬುದ್ಧಿ. ಕಡಿದ ಮರಗಳಷ್ಟೇ ಎತ್ತರಕ್ಕೆ ಈ ಸಸಿಗಳು ಬೆಳೆಯೋವರೆಗೆ ಇವನೇ ನೀರು ಹಾಕಲಿ."

"ಎಷ್ಟು ದಿನವಾಗುತ್ತೆ?"

"ದಿನ ಅಲ್ಲ ಬುದ್ಧಿ. ಎಂಟು ವರ್ಷ."

ಶೃಂಗಾರಯ್ಯ ಬಿಂದಿಗೆ ಎತ್ತಿದ. ಮೊದಲ ವರ್ಷ ಗೊಣಗಿದ. ಎರಡನೇ ವರ್ಷ ಸುಮ್ಮನಾದ. ಮೂರನೇ ವರ್ಷ ಒಂದು ಬೆಳಗ್ಗೆ ಸಸಿಯ ತುದಿಯಲ್ಲಿ ತಿಳಿಹಸಿರು ಚಿಗುರು ಕಂಡು, "ಸಾತವ್ವ, ಬಾರವ್ವ ಬೇಗ, ಇಲ್ನೋಡು!" ಅಂತ ಕೂಗಿಕೊಂಡ.

ಸಾತವ್ವ ಮನೆ ಮನೆಗೆ ಸಸಿ ಹಂಚಿದಳು. ಹಿಂದೆ ಒಂದು ಎತ್ತರದ್ದು, ಬಾಗಿಲಿಗೊಂದು ಗುಂಡಗಿನದು, ಕಲ್ಲಿಗೊಂದು ಹರಡುವುದು, ನಡುವೆ ಹೂವಿಗೆ ಜಾಗ. ಎಂಟು ವರ್ಷ ಕಳೆದ ಮೇಲೆ ಮಾಗಿಯಲ್ಲಿ ಬೆಟ್ಟ ಹತ್ತಿ ಬಂದವರು ಇಬ್ಬನಿದುರ್ಗ ನೋಡಿ ದಾರಿ ತಪ್ಪಿದೆವೇನೋ ಅಂತ ಕಣ್ಣುಜ್ಜಿಕೊಂಡರಂತೆ!

ಇದರ ನೀತಿ ಇಷ್ಟು ಮಕ್ಕಳೇ: ಚೆಂದವನ್ನು ಕದ್ದು ತಂದು ನಿಲ್ಲಿಸಿದರೆ ನಿಲ್ಲುವುದಿಲ್ಲ, ಬಣ್ಣ ಬಳಿದು ಉಳಿಸಿಕೊಂಡರೂ ಉಳಿಯುವುದಿಲ್ಲ. ಪ್ರೀತಿಯಿಂದ ನೆಟ್ಟು, ತಾಳ್ಮೆಯಿಂದ ಕಾದವರ ಅಂಗಳದಲ್ಲಿ ಮಾತ್ರ ಅದು ವರ್ಷದ ಹನ್ನೆರಡು ತಿಂಗಳೂ ಇರುತ್ತದೆ. ನೆಡುವುದಿದ್ದರೆ ಇವತ್ತೇ ನೆಡಿ.